ಹಗ್ಗದೊಳಗಿನ ಸುಣ್ಣ

ಗುಡೇಕೋಟೆ ಆಚಿಕಡಿ ಗುಡ್ಡದ ಪಾಳು ಕೋಟಿಯೊಳಗ ಉಳಿದಿದ್ದು ಒಂದ ಮನಿ, ಶಿವಬಸಮ್ಮಂದು. ಹಿಂದಿನ ಗೋಡಿ ಕೋಟಿದು, ಉಳಿದ ಮೂರು ಆಕಿ ಮಾವನ ಅಪ್ಪ ಕಟ್ಟಿದ್ದು. ಕೋಟಿ ಕಾಪಾಡ್ತೀವಂತ ಸರಕಾರದೋರು ಬಾಕಿ ಮಂದೀನೆಲ್ಲ ಕಾನಹೊಸಹಳ್ಳಿ ರಸ್ತೆ ಬಾಜೂಕ ತಗಡಿನ ಶೆಡ್ಡಿಗೆ ಅಟ್ಟಿದ್ರು. ಈಕಿ ಒಬ್ಬಾಕಿ ಒಲ್ಲೆ ಅಂದ್ಲು. ಸಂಜೀಕ ಮಾತಾಡ್ಸಾಕ ಒಂದು ನರಪಿಳ್ಳಿ ಇಲ್ಲ. ಸಾರಿಗೆ ಉಪ್ಪು ಹಾಕಿದ್ನೋ ಇಲ್ಲೋ ಅಂತ ತನ್ನ ತಾನ ಕೇಳ್ಕೊಂತಿದ್ಲು.

ಒಂದಿನ ಕೋಟಿ ಕಾಪಾಡೋ ಸಾಹೇಬ ಅರುಣಕುಮಾರ್ ಬಂದು ಮೊಬೈಲಿನಾಗ ಒಂದು ಊರು ತೋರಿಸಿದ.

"ನೋಡಮ್ಮ, ಕಾರ್ತಹೇನಾ ಅಂತ, ದಕ್ಷಿಣ ಅಮೆರಿಕದಲ್ಲಿದೆ. ಸಮುದ್ರದ ಆಚೆ ಸ್ಪೇನಿನವರು ಹೋಗಿ, ಆಳಿ, ಕಟ್ಟಿಸಿದ ಊರು. ನಾನೂರು ವರ್ಷದ ಕೋಟೆ, ಹೆಂಗೆ ಕಾಪಾಡಿದ್ದಾರೆ ನೋಡು."

ಹಳದಿ ಗೋಡಿ, ಕೆಂಪು ಗೋಡಿ. ಮಾಳಿಗಿ ಮ್ಯಾಲೆ ಒಬ್ಬಾಕಿ ಅರಿವಿ ಒಣಹಾಕಿದ್ಲು.

"ಕಲ್ಲು ಹೊತ್ತೋರು ಯಾರ್ರಿ?"

"ಆಫ್ರಿಕಾದಿಂದ ತಂದ ಗುಲಾಮರು."

"ಅಯ್ಯ ಪಾಪ! ಅವರ ಮಕ್ಕಳು ಮರಿ ಅಲ್ಲೇ ಅದಾರೇನ್ರಿ?"

"ಇದಾರೆ. ಜನ ಇದ್ರೇನೇ ಊರಿಗೆ ಕಳೆ. ಸೋಮವಾರ ಫಾರಿನ್ನಿಂದ ದೊಡ್ಡೋರು ಬರ್ತಾರೆ, ಚೊಕ್ಕಟವಾಗಿಡು."

ಜನ ಇದ್ರ ಕಳಿ! ಶಿವಬಸಮ್ಮಗ ಹಾಲು ಕುಡಿದಷ್ಟು ಸಂತೋಷಾತು. ಇನ್ನ ತನ್ನನ್ನ ಬಿಡಿಸಂಗಿಲ್ಲ. ಅಲ್ರೀ, ಮನಿಗೆ ಬೀಗರು ಬರ್ತಾರಂದ್ರ ಯಾರು ಸುಣ್ಣ ಬಳಿಯಂಗಿಲ್ಲ ಹೇಳ್ರಿ? ಒಲಿ ಹಿಂದಿನ ಕೋಟಿ ಗೋಡಿಗೆ ಸುಣ್ಣ ಬಳಿದು, ಕೆಳಗ ಕೆಮ್ಮಣ್ಣಿನ ಪಟ್ಟಿ ಎಳೆದ್ಲು.

ಸೋಮವಾರ ಅತಿಥಿಗಳ ಮುಂದ ಸಾಹೇಬ ಕಿಡಿಕಿಡಿ ಆದ.

"ಸ್ಮಾರಕ ಹಾಳು ಮಾಡಿದ್ದೀ! ಕೇಸ್ ಹಾಕ್ತೀನಿ. ಈಗ್ಲೇ ಕೆರೆದು ತೆಗಿ, ನಾಳೆ ಮನೆ ಖಾಲಿ ಮಾಡು!"

ಶಿವಬಸಮ್ಮ ಅಳಕೊಂತ ಕುಡುಗೋಲಿನಿಂದ ಕೆರೆದ್ಲು. ತನ್ನ ಸುಣ್ಣದ ಕೆಳಗ ಅತ್ತಿ ಬಳಿದ ಸುಣ್ಣ. ಅದರ ಕೆಳಗ ಅತ್ತಿಯ ಅತ್ತಿ ಬಳಿದ ಹಳದಿ, ಬೆರಳಿನ ಗುರುತು ಇನ್ನೂ ಹಂಗ. ಬಿಳಿ ಹೆಂಗಸೊಬ್ಬಾಕಿ ಬಗ್ಗಿ ನೋಡಿ ಖುಷೀಲೆ ಕೂಗಿದ್ಲು. ಎಲಾ ಇವನ! ಸಾಹೇಬನ ರಾಗ ಬದಲಾತು.

"ನಿಲ್ಸು, ನಿಲ್ಸು! ಹಳೇ ಬಣ್ಣ! ಇದನ್ನ ಕಾಪಾಡಬೇಕು!"

ಗಳಿಗ್ಯಾಗ ಗೋಡಿ ಹತ್ರ ಯಾರೂ ಹೋಗಬಾರದಂತ ಮನಿಯೊಳಗ ಹಗ್ಗ ಕಟ್ಟಿದ್ರು. ಒಲಿ ಹಗ್ಗದ ಒಳಗ ಸಿಕ್ತು.

"ಇದು ನಮ್ಮ ಹೆಣಮಕ್ಕಳು ಬಳಿದದ್ರಿ ಸಾಹೇಬ್ರ."

"ಯಾರಾದ್ರೂ ಬಳಿದಿರಲಿ. ನೀನು ಹೊರಗೆ ನಿಲ್ಲು."

"ಸುಣ್ಣ ಒಳಗ, ಬಳಿದಾಕಿ ಹೊರಗ?"

ಸಾಹೇಬ ಅತಿಥಿಗಳನ್ನ ಕಾರಿಗೆ ಹತ್ತಿಸಿದ. ಕಾರುಗಳು ಗುಡ್ಡ ಇಳಿದು ಹೋದ್ವು. ಮತ್ತ ಅದೇ ಬಿಕೋ ಅನ್ನೋ ಕೋಟಿ. ಕಾವಲಿಗೆ ಭೀಮರಾಜ ಅನ್ನೋ ಹುಡುಗ ಒಬ್ಬನ್ನ ಬಾಗಲದಾಗ ಬಿಟ್ಟು ಹೋಗಿದ್ರು.

ಶಿವಬಸಮ್ಮ ಹಗ್ಗ ಎತ್ತಿ ಒಳಗ ಹೋಗಿ ಒಲಿ ಹಚ್ಚಿದ್ಲು. ಹೊಗಿ ಗೋಡಿಗೆ ಹತ್ತಿತು.

"ಏ ಅವ್ವಾ, ಹೊರಗ ಬಾ! ನನ್ನ ನೌಕರಿ ಹೋಗತೈತಿ!" ಭೀಮರಾಜ ಒದರಿದ.

"ನಾ ಬರಂಗಿಲ್ಲ," ಹಿಟ್ಟು ನಾದಿಕೊಂತ ಅಂದ್ಲು. "ನಾಳಿಗೂ ಬರಂಗಿಲ್ಲ. ನೀನ ಒಳಗ ಬಾ ತಮ್ಮಾ, ಬಿಸಿ ರೊಟ್ಟಿ ತಿನ್ನು. ಒಬ್ಬಾಕೀನ ಉಂಡು ಉಂಡು ಸಾಕಾಗೈತಿ."