ಕರಡಿಗೆಗೆ ಒಂದಿಷ್ಟು ತಾಮ್ರ

ಲಿಂಗ ಬಿದ್ದಿರಲಿಲ್ಲ, ಬೀಳುವುದರಲ್ಲಿತ್ತು. ಕಣದಲ್ಲಿ ತೊಗರಿ ಹಸನು ಮಾಡಲು ಬಗ್ಗಿದಾಗ ಕೊರಳಿನ ಬೆಳ್ಳಿ ಕರಡಿಗೆಯ ಮುಚ್ಚಳ ತಾನಾಗಿ ತೆರೆಯಿತು. ಗುರವ್ವ ಎರಡೂ ಅಂಗೈಯಲ್ಲಿ ಅದನ್ನು ಅವುಚಿ ಹಿಡಿದಳು. ಇಷ್ಟಲಿಂಗ ನೆಲ ಮುಟ್ಟಿದ್ದರೆ ಅವಳು ಅಂದು ನೀರನ್ನೂ ಕುಡಿಯುತ್ತಿರಲಿಲ್ಲ.

ಅಂದಿನಿಂದ ಕರಡಿಗೆಗೆ ದಾರ ಸುತ್ತಿ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಳು. ಗಂಡ ಗುರಪ್ಪನಿಗೆ ಹೇಗೆ ಹೇಳುವುದು? ಬಸವ ಜಯಂತಿಗೆಂದು ಅದನ್ನು ಮಾಡಿಸಿದವನೇ ಅವನು. ದೇವರ ಹಿಪ್ಪರಗಿಯ ಪತ್ತಾರ ಸಿದ್ದರಾಯನ ಕುಲುಮೆಯ ಮುಂದೆ ದಿನವಿಡೀ ಕುಳಿತು, ತಾಮ್ರದ ಒಂದು ಚೂರೂ ಸೇರದಂತೆ ಕಾವಲು ಕಾದಿದ್ದ. ಅಪ್ಪಟ ಬೆಳ್ಳಿ ಎಂದು ಊರಿಗೆಲ್ಲ ಸಾರಿದ್ದ.

ಒಂದು ದಿನ ದಾರ ಅವನ ಕಣ್ಣಿಗೆ ಬಿತ್ತು.

"ಏನದು?"

"ಏನಿಲ್ರಿ, ಹಂಗ."

"ಹಂಗ ಯಾರ್ ದಾರ ಸುತ್ತತಾರ? ತಗಿ ಇಲ್ಲೆ."

ಮುಚ್ಚಳದ ಅಂಚು ಅವನ ಹೆಬ್ಬೆರಳಿಗೇ ಬಗ್ಗಿತು. "ಸಿದ್ದರಾಯ ತಾಮ್ರ ಬೆರಸ್ಯಾನ!" ಎಂದು ಹೋಗಿ ಎಸ್‌ಟಿಡಿ ಬೂತಿನಿಂದ ಬೈದ. ಅಷ್ಟಕ್ಕೆ ಸಮಾಧಾನವಾಗದೆ ಮರುದಿನ ಬಸ್ಸು ಹತ್ತಿದ. ಲಿಂಗವನ್ನು ಬಿಳಿ ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು ಗುರವ್ವನೂ ಹತ್ತಿದಳು. ಜಗಳ ಬಿಡಿಸಲು ಯಾರಾದರೂ ಬೇಕಲ್ಲ.

ಸಿದ್ದರಾಯ ಜಗಳಕ್ಕೆ ಬರಲಿಲ್ಲ. ನಕ್ಕ.

"ಬೆರಸಿದ್ರ ಬಗ್ಗತಿರಲಿಲ್ಲೋ ಗುರಪ್ಪಣ್ಣಾ. ಬರೇ ಬೆಳ್ಳಿ ಅಂದ್ರ ಬೆಣ್ಣಿ ಇದ್ದಂಗ. ಬರೇ ತಾಮ್ರನೂ ಬಗ್ಗತೈತಿ, ಒಂಚೂರು ಹಟ ಮಾಡಿ. ಎರಡೂ ಕೂಡಿದ್ರ ಗಟ್ಟಿ. ಅವತ್ತ ಹೇಳಾಕ ಬಂದ್ನಿ, ಬಾಯಿ ಮುಚ್ಚಂದಿ."

ಗುರಪ್ಪ ಹೆಂಡತಿಯತ್ತ ತಿರುಗಿದ. "ನೀನರ ಹೇಳಬಾರದಾ?"

"ಊರ ತುಂಬ ಸಾರಿ ಬಂದಿದ್ರಿ. ನಿಮ್ಮ ಮಾರಿ ಸಣ್ಣದಾಗೂದು ನೋಡಾಕ ನನಗ ಆಗಲಿಲ್ರಿ."

ಅವನು ಕಡ್ಡಿಯಿಂದ ಕುಲುಮೆಯ ಬೂದಿ ಕೆದಕತೊಡಗಿದ. ಅವನ ಮುಂಗೈಯಲ್ಲಿ ತಾಮ್ರದ ಕಡಗವಿತ್ತು. ವಾತಕ್ಕೆಂದು ಎಷ್ಟೋ ವರ್ಷದ ಹಿಂದೆ ಹಾಕಿಕೊಂಡದ್ದು, ತುದಿ ಹಸಿರುಗಟ್ಟಿತ್ತು. ಗುರವ್ವ ಅದನ್ನು ತೋರಿಸಿದಳು.

"ಸಿದ್ದರಾಯಣ್ಣಾ, ಇದರದ ಒಂದ್ ತುಣುಕ ಹಾಕು."

"ಏ ಹುಚ್ಚಿ, ಇದು ಬೆವರು, ಸಗಣಿ ಎಲ್ಲಾ ಕಂಡದ್ದು. ಲಿಂಗದ ಮನಿಗೆ ಇದಾ?" ಎಂದ ಗುರಪ್ಪ.

"ಬೆಂಕ್ಯಾಗ ಹೋಗಿ ಬಂದದ್ದಕ್ಕ ಎಂಥಾ ಮೈಲಿಗಿರಿ?"

ಸಿದ್ದರಾಯ ಕಡಗದ ತುದಿ ಕತ್ತರಿಸಿದ. ಹಳೆ ಕರಡಿಗೆಯ ಬೆಳ್ಳಿಯೂ ತಾಮ್ರವೂ ಒಂದೇ ಮೂಸೆಯಲ್ಲಿ ಕರಗಿದವು. ಸಂಜೆಗೆ ಹೊಸ ಕರಡಿಗೆ ಸಿದ್ಧವಾಯಿತು. ಬಣ್ಣದಲ್ಲೇನೂ ಬದಲಿರಲಿಲ್ಲ. ಗುರಪ್ಪ ಹೆಬ್ಬೆರಳಿನಿಂದ ಒತ್ತಿದ; ಬಗ್ಗಲಿಲ್ಲ. ಎರಡೂ ಹೆಬ್ಬೆರಳಿನಿಂದ ಒತ್ತಿದ.

"ಸಾಕು ಬಿಡ್ರಿ, ಮುರಿದ ಮ್ಯಾಲ ನಂಬತೀರೇನ?"

ಲಿಂಗವಿಟ್ಟು ಅವಳು ಮುಚ್ಚಳ ಹಾಕಿದಳು. ಟಕ್ ಎಂದಿತು. ದಾರವನ್ನು ಕುಲುಮೆಗೆ ಎಸೆದಳು.

ಮರಳುವ ಬಸ್ಸಿನಲ್ಲಿ ಅವರೂರಿನ ಕಾಶಿಬಾಯಿ ಮುಂದಿನ ಸೀಟಿನಿಂದ ತಿರುಗಿ ಕರಡಿಗೆ ಮುಟ್ಟಿ ನೋಡಿದಳು.

"ಅಪ್ಪಟ ಬೆಳ್ಳೀದಲ್ಲೇನವಾ?"

ಗುರಪ್ಪ ಕಿಟಕಿಯಾಚೆ ನೋಡತೊಡಗಿದ.

"ಇಲ್ಲವಾ," ಎಂದಳು ಗುರವ್ವ. "ಇವರದೂ ಸ್ವಲ್ಪ ಐತಿ."