ಆಲ್ಬಮ್ ಒಯ್ಯದವರ ಮದುವೆ

ಹಿಮಾಚಲದ ಜಲೋರಿ ಘಾಟಿನ ನೆತ್ತಿಯ ಮೇಲೆ ಆವತ್ತು ಫೋನಿಗೆ ಸಿಗ್ನಲ್ ಸಿಗದೇ ಇದ್ದಿದ್ದರೆ ನವತೇಜನ ಬೆಳಗು ಎಷ್ಟು ಚೆನ್ನಾಗಿರುತ್ತಿತ್ತು! ಏಳು ಗಂಟೆಯ ಬಿಸಿಲು ಆಗಷ್ಟೇ ದೇವದಾರು ಮರಗಳ ತುದಿಗೆ ಬಿದ್ದಿತ್ತು. ಅಂಬಾಲಾದಿಂದ ಬಂದ ಮೂರು ಬೈಕುಗಳನ್ನು ಸಾಲಾಗಿ ನಿಲ್ಲಿಸಿ, ಮೂವರು ಗೆಳೆಯರು ಟೀ ಅಂಗಡಿಯ ಬೆಂಚಿನ ಮೇಲೆ ಮ್ಯಾಗಿ ತಟ್ಟೆ ಹಿಡಿದು ಕೂತಿದ್ದರು.

ನವತೇಜ್ ಮದುವೆ ಫೋಟೋ ತೆಗೆಯುವವನು. ಸೀಸನ್ನಿನಲ್ಲಿ ದಿನಕ್ಕೆ ಮೂರು ಮದುವೆ ಮಾಡಿ ಸುಸ್ತಾಗಿ, ಬೇಸಿಗೆ ಬಂದ ಕೂಡಲೇ ಕ್ಯಾಮೆರಾ ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತುತ್ತಿದ್ದ. ಪುಲ್ಕಿತ್ ಬಟ್ಟೆ ಅಂಗಡಿಯ ಹುಡುಗ, ಬಾಯಿ ಮುಚ್ಚಿದರೆ ಉಸಿರೇ ಕಟ್ಟುತ್ತದೇನೋ ಅನ್ನುವಂಥ ಮಾತುಗಾರ. ಇನ್ನು ಜುಗನೂ. ಬೈಕ್ ಸಾಮಾನಿನ ಅಂಗಡಿ ಇಟ್ಟುಕೊಂಡವನು, ಒಂದನೇ ಕ್ಲಾಸಿನಿಂದ ನವತೇಜನ ಪಕ್ಕದಲ್ಲೇ ಕೂತವನು, ಇವರ ಅಡುಗೆಮನೆಗೆ ಕೇಳದೇ ನುಗ್ಗಿ ಪರಾಠಾ ಎತ್ತಿಕೊಳ್ಳುವಷ್ಟು ಸಲಿಗೆಯವನು. ಅವನು ಓಡಿಸುತ್ತಿದ್ದದ್ದೂ ನವತೇಜನ ಹಳೇ ಬುಲೆಟ್ಟೇ. ಅದರ ಕಾಗದಪತ್ರಗಳು ಇನ್ನೂ ನವತೇಜನ ಹೆಸರಿನಲ್ಲೇ ಇದ್ದವು.

ಈ ಸಲ ಯಾಕೋ ಜುಗನೂ ದಾರಿಯುದ್ದಕ್ಕೂ ಮಂಕಾಗಿದ್ದ.

"ನಾಳೆ ವಾಪಸ್ ಹೋಗೋಣ ಕಣೋ. ಮನೇಲಿ ನಿಶ್ಚಿತಾರ್ಥ ಇಟ್ಕೊಂಡು ಇಲ್ಲಿ ಬೆಟ್ಟ ಅಲೀತಿದೀಯಲ್ಲ" ಎಂದ.

"ಅದಕ್ಕಿನ್ನೂ ಹತ್ತು ದಿನ ಇದೆ. ನನ್ನ ಅಕ್ಕನ ನಿಶ್ಚಿತಾರ್ಥಕ್ಕೆ ನನಗಿಂತ ನಿನಗ್ಯಾಕೋ ಅವಸರ?" ಎಂದು ನವತೇಜ್ ನಕ್ಕ.

ಆಗ ಬಂತು ನೋಡಿ, ಆ ಹಾಳು ಮೆಸೇಜು. ಬುಲೆಟ್ಟಿನ ನಂಬರು, ಮೊಹಾಲಿಯ ಒಂದು ಚೌಕ, ಹೋದ ವಾರದ ಮಂಗಳವಾರ ಹನ್ನೊಂದು ಗಂಟೆ ಹತ್ತು ನಿಮಿಷ. ಹಿಂದೆ ಕೂತವರಿಗೆ ಹೆಲ್ಮೆಟ್ ಇಲ್ಲ. ರಸ್ತೆ ಕಂಬದ ಕ್ಯಾಮೆರಾ ತೆಗೆದ ಫೋಟೋ ನೋಡಲು ಇಲ್ಲಿ ಒತ್ತಿ.

"ಓಯ್ ಜುಗನೂ, ನನ್ನ ಹೆಸರಲ್ಲಿ ದಂಡದ ಚಲನ್ ಹಾಕಿಸ್ಕೊಂಡಿದೀಯಲ್ಲೋ ಕಳ್ಳ!"

"ಹಿಂದೆ ಕೂತವರು ಅಂತ ಬೇರೆ ಇದೆ!" ಪುಲ್ಕಿತ್ ತಟ್ಟೆ ಪಕ್ಕಕ್ಕಿಟ್ಟು ಎದ್ದೇಬಿಟ್ಟ. "ಯಾರಪ್ಪಾ ಆ ಪುಣ್ಯಾತ್ಗಿತ್ತಿ? ನಮ್ಮ ಬ್ರಹ್ಮಚಾರಿ ಜುಗನೂ ಮೊಹಾಲೀಲಿ ಹುಡುಗೀನ ಸುತ್ತಾಡಿಸ್ತಾನಾ? ತೋರ್ಸೋ, ತೋರ್ಸೋ!"

ಜುಗನೂನ ಮುಖದಿಂದ ಬಣ್ಣವೇ ಇಳಿದುಹೋಯಿತು. "ನವತೇಜ್, ಅದನ್ನ ಈಗ ತೆಗೀಬೇಡ" ಎಂದ. ಹಾಗೆ ಹೇಳಿದ ಮೇಲೆ ತೆಗೆಯದೇ ಬಿಡುವವರು ಯಾರಿದ್ದಾರೆ! ನವತೇಜ್ ಒತ್ತಿದ. ಬೆಟ್ಟದ ಮೇಲಿನ ಸಿಗ್ನಲ್ಲು, ಫೋಟೋ ಮೇಲಿನಿಂದ ಕೆಳಕ್ಕೆ ಇಷ್ಟಿಷ್ಟೇ ಇಳಿಯಿತು. ಮೊದಲು ಹೆಲ್ಮೆಟ್, ಆಮೇಲೆ ಜುಗನೂನ ಕಂದು ಜಾಕೆಟ್, ಅದರ ಹಿಂದೆ ಕ್ಯಾಮೆರಾದ ಕಡೆಗೇ ತಿರುಗಿದ ಒಂದು ಹೆಣ್ಣುಮುಖ.

ನವತೇಜ್ ಬೆರಳಿನಿಂದ ಚಿತ್ರ ಹಿಗ್ಗಿಸಿದ. ಮತ್ತೆ ಹಿಗ್ಗಿಸಿದ. ದಿನಾ ಸಾವಿರ ಮುಖ ನೋಡುವವನಿಗೆ ಈ ಒಂದು ಮುಖದಲ್ಲಿ ಅನುಮಾನಪಡಲು ಏನೂ ಇರಲಿಲ್ಲ. ಮನ್‌ರೂಪ್! ಅವನ ಸ್ವಂತ ಅಕ್ಕ! ಆ ಮಂಗಳವಾರ ತಾನು ಪಾಠ ಮಾಡುವ ಶಾಲೆಯಲ್ಲಿ ಪರೀಕ್ಷೆ ಇದೆ ಎಂದು ಹೇಳಿ ಹೋಗಿದ್ದವಳು!

ಇಣುಕಿ ನೋಡಿದ ಪುಲ್ಕಿತನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಅವನಿಗೆ ಮಾತು ಸಿಗದೇ ಹೋದದ್ದು ಹುಟ್ಟಿದಾಗಿನಿಂದ ಅದೇ ಮೊದಲು.

ನವತೇಜ್ ಎದ್ದವನೇ ಜುಗನೂನ ಕೆನ್ನೆಗೆ ಫಟಾರನೆ ಬಾರಿಸಿದ. ಮ್ಯಾಗಿ ತಟ್ಟೆ ಮಣ್ಣಿಗೆ ಬಿತ್ತು. "ನನ್ನ ಮನೆ ಉಪ್ಪು ತಿಂದು, ನನ್ನ ಅಕ್ಕನ್ನೇ... ನನ್ನ ಬೈಕ್ ಮೇಲೇ... ಥೂ! ಎಷ್ಟು ದಿನದಿಂದ ನಡೀತಿದೆಯೋ ಇದು?"

ಜುಗನೂ ಕೈ ಎತ್ತಲಿಲ್ಲ. ಕೆನ್ನೆಯನ್ನೂ ಮುಟ್ಟಿಕೊಳ್ಳಲಿಲ್ಲ. "ನಾನು ಹೇಳೋ ಹಾಗಿಲ್ಲ, ಆಣೆ ಇಟ್ಟಿದೀನಿ. ಮನೆಗೆ ಹೋಗು. ದೀದೀನೇ ಕೇಳು" ಎಂದ.

"ದೀದಿಯಂತೆ ದೀದಿ! ಇನ್ನೊಂದ್ಸಲ ನಿನ್ನ ಬಾಯಲ್ಲಿ ಆ ಮಾತು ಬಂದ್ರೆ ಹಲ್ಲು ಉದುರಿಸ್ತೀನಿ."

ಅಂಗಡಿಯ ಮುದುಕ ಟೀ ಸೋಸುವುದನ್ನು ಬಿಟ್ಟು ನೋಡುತ್ತ ನಿಂತಿದ್ದ. ನವತೇಜ್ ಯಾರ ಮುಖವನ್ನೂ ನೋಡದೆ ಬೈಕ್ ಹತ್ತಿದ.

ಔಟ್, ಮಂಡಿ, ಬಿಲಾಸ್‌ಪುರ, ಕೀರತ್‌ಪುರ. ಬರುವಾಗ ತಿರುವು ತಿರುವಿಗೂ ನಿಂತು ಫೋಟೋ ತೆಗೆದಿದ್ದ ದಾರಿಯಲ್ಲಿ ಈಗ ಹೊಳೆಯೂ ಕಾಣಲಿಲ್ಲ, ಬೆಟ್ಟವೂ ಕಾಣಲಿಲ್ಲ. ಅಕ್ಕನಿಗೆ ಗೊತ್ತಾದದ್ದು ಮಾಸಿ, ಅಂದರೆ ತಾಯಿಯ ತಂಗಿ, ತಂದ ಸಂಬಂಧ. ಹುಡುಗ ಹ್ಯಾರಿ, ಕೆನಡಾದ ಬ್ರಾಂಪ್ಟನ್ನಿನಲ್ಲಿ ಸ್ವಂತ ಟ್ರಕ್ಕುಗಳಿದ್ದವು. ಅಪ್ಪ ಪಾಪಾಜಿ ಹಿಂದೆಮುಂದೆ ನೋಡುತ್ತಿದ್ದಾಗ ನವತೇಜನೇ ಹೋಗಿ, ಒಂದು ಸಂಜೆ ಹುಡುಗನ ಜೊತೆ ಊಟ ಮಾಡಿ ಬಂದು, "ನಾನು ನೋಡಿದೀನಿ ಪಾಪಾಜಿ, ಹುಡುಗ ಅಪ್ಪಟ ಚಿನ್ನ" ಎಂದಿದ್ದ. ಆ ಮಾತಿನ ಮೇಲೆ ಹಾಲ್ ಗೊತ್ತಾಯಿತು, ನಾಲ್ಕು ನೂರು ಜನಕ್ಕೆ ಕರೆ ಹೋಯಿತು. ಈಗ ಈ ಫೋಟೋ ಹ್ಯಾರಿಯ ಮನೆಯವರ ಕಣ್ಣಿಗೆ ಬಿದ್ದರೆ? ಮಾನ ಮೂರು ಕಾಸಿಗೆ ಹೋಗುವುದಿಲ್ಲವೇ? ಅದಕ್ಕಿಂತ ಹೆಚ್ಚಾಗಿ, ಜುಗನೂ! ಅಯ್ಯೋ, ಬೇರೆ ಯಾರಾದರೂ ಆಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಸಂಜೆ ಐದೂವರೆಗೆ ಮನೆ ಮುಟ್ಟಿದಾಗ ಬಿಸಿಲು ಇನ್ನೂ ಸುಡುತ್ತಿತ್ತು. ಬೀಜಿ ಜಗಲಿಯಲ್ಲಿ ಲಡ್ಡುವಿನ ಡಬ್ಬಿಗಳಿಗೆ ಕೆಂಪು ದಾರ ಕಟ್ಟುತ್ತಿದ್ದಳು. "ನಾಡಿದ್ದು ಬರ್ತೀನಿ ಅಂದಿದ್ದೆ, ಏನಾಯ್ತು ಪುತ್ತರ್? ಮುಖ ಯಾಕೆ ಹೀಗಿದೆ?" ಎಂದು ತಾಯಿ ಕೇಳುತ್ತಿದ್ದರೂ ನಿಲ್ಲದೆ, ಧೂಳು ಮೆತ್ತಿದ ಬೂಟಿನಲ್ಲೇ ಸ್ಟುಡಿಯೋಗೆ ನುಗ್ಗಿದ. ಮನೆಯ ಕೆಳಗಿನ ಕೋಣೆಯೇ ಸ್ಟುಡಿಯೋ. ಶಾಲೆ ಬಿಟ್ಟ ಮೇಲೆ ಮನ್‌ರೂಪ್ ಅಲ್ಲೇ ಕೂತು ಅವನ ಮದುವೆ ಫೋಟೋಗಳನ್ನು ವಿಂಗಡಿಸುತ್ತಿದ್ದಳು.

ಫೋನನ್ನು ಅವಳ ಮುಂದೆ ಕುಕ್ಕಿದ. "ಇದೇನು?"

ಮನ್‌ರೂಪ್ ನೋಡಿದಳು. ಬೆಚ್ಚಿಬೀಳಲಿಲ್ಲ, ಅಳಲಿಲ್ಲ. "ಹೆಲ್ಮೆಟ್ ಹಾಕ್ಕೋ ಅಂತ ಜುಗನೂ ಬಡ್ಕೊಂಡ. ನಾನೇ ಕೇಳಲಿಲ್ಲ" ಎಂದಳು.

"ದೀದೀ! ನಾಚಿಕೆ ಆಗಲ್ವಾ ನಿನಗೆ? ಎಷ್ಟು ದಿನದಿಂದ?"

"ಒಂದೇ ದಿನ. ಅವನು ಏನು ಹೇಳಿದ?"

"ಆಣೆ ಇಟ್ಟಿದಾನಂತೆ. ಹೊಡೆದು ಬಂದೆ."

"ಹೊಡೆದೆಯಾ?" ಈಗ ಮನ್‌ರೂಪಳ ದನಿ ಏರಿತು. "ಅವನಿಗೆ ಹೊಡೆದೆಯಾ? ಮೂರ್ಖ! ಕೂತ್ಕೋ ಇಲ್ಲಿ. ಕೂತ್ಕೋ ಅಂದೆ!"

ಆ ದನಿಗೆ ಅವನು ಕೂತೇಬಿಟ್ಟ.

ಮನ್‌ರೂಪ್ ಕಂಪ್ಯೂಟರಿನಲ್ಲಿ ಒಂದು ಮದುವೆ ತೆಗೆದಳು. ಎರಡು ವರ್ಷದ ಹಿಂದಿನದು, ಮೊಹಾಲಿಯದು. ಕೆಂಪು ಲೆಹೆಂಗಾದ ಹುಡುಗಿ, ಗುಲಾಬಿ ಪೇಟದ, ಎದೆಯವರೆಗೆ ತುಂಬು ಗಡ್ಡದ ಹುಡುಗ.

"ಇದು ಯಾವುದು, ನೆನಪಿದೆಯಾ?"

"ಆಲ್ಬಮ್ ತಗೊಂಡು ಹೋಗದವರು. ಹುಡುಗಿ ಕಡೆಯವರು ನನ್ನ ಕರೆಸಿದ್ರು. ಬಾಕಿ ದುಡ್ಡು ಕೇಳಿದ ಮೇಲೆ ಫೋನೇ ಎತ್ತಲಿಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ?"

ಅವಳು ಮದುಮಗನ ಮುಖವನ್ನು ಪರದೆಯ ತುಂಬ ದೊಡ್ಡದು ಮಾಡಿದಳು. "ಇವನು ಯಾರು?"

"ನನಗೇನು ಗೊತ್ತು! ವರ್ಷಕ್ಕೆ ನೂರೈವತ್ತು ಮದುಮಕ್ಕಳು."

ಮನ್‌ರೂಪ್ ಒಂದು ಕೈಯನ್ನು ಪೇಟದ ಮೇಲೆ ಇಟ್ಟಳು. ಇನ್ನೊಂದನ್ನು ಗಡ್ಡದ ಮೇಲೆ ಇಟ್ಟಳು. ಎರಡು ಕೈಗಳ ನಡುವೆ ಕಣ್ಣು, ಮೂಗು, ಎಡ ಹುಬ್ಬನ್ನು ಸೀಳಿದ ಗಾಯದ ಗೆರೆ ಮಾತ್ರ ಉಳಿದವು.

ನವತೇಜ್ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಆ ಹುಬ್ಬಿನ ಎದುರು ಕೂತು ಅವನು ಬಟರ್ ಚಿಕನ್ ತಿಂದು ಇನ್ನೂ ಎರಡು ತಿಂಗಳಾಗಿರಲಿಲ್ಲ.

"ಹ್ಯಾರಿ..."

"ಹರ್ಕೀರತ್ ಸಿಂಗ್. ಕೆನಡಾಕ್ಕೆ ಹೋಗಿ ಕೂದಲು, ಗಡ್ಡ ಎಲ್ಲ ತೆಗೆಸಿದಾನೆ. ಹಳೇ ಫೋಟೋ ಅಳಿಸ್ತಾ ಕೂತಿದ್ದಾಗ ಕಣ್ಣಿಗೆ ಬಿತ್ತು. ಇದನ್ನೊಂದು ನೋಡು ಬಾ ಅಂತ ಎರಡು ಸಲ ನಿನ್ನ ಕರೆದೆ ನಾನು. ಒಂದ್ಸಲ ಗಾಡಿ ಸರ್ವಿಸ್ ಅಂದೆ. ಇನ್ನೊಂದ್ಸಲ ಟ್ರಿಪ್ ಮುಗಿಸಿ ಬಂದು ನೋಡ್ತೀನಿ ಅಂದೆ."

ಅಂದಿದ್ದ. ಹಾಗೆಂದದ್ದು ಅವನಿಗೆ ಚೆನ್ನಾಗಿ ನೆನಪಿತ್ತು.

"ಹೋಲಿಕೆ ಇದೆ ಅಂತ ಮದುವೆ ಬೇಡ ಅನ್ನೋಕಾಗುತ್ತಾ? ಪಾಪಾಜಿ ನಂಬ್ತಿದ್ರಾ? ನಿನ್ನ ಆರ್ಡರ್ ಪುಸ್ತಕದಲ್ಲಿ ವಿಳಾಸ ಇತ್ತು. ಒಬ್ಬಳೇ ಹೋಗೋಕೆ ಧೈರ್ಯ ಬರಲಿಲ್ಲ, ಜುಗನೂನ ಕರ್ಕೊಂಡು ಹೋದೆ. ನಾನೇ ಮನೇಲಿ ಹೇಳೋವರೆಗೂ ಉಸಿರೆತ್ತಬಾರದು ಅಂತ ಆಣೆ ತಗೊಂಡೆ."

"ಹುಡುಗಿ... ಇದಾಳಾ?"

"ಇದಾಳೆ. ಸುಖ್ಮನ್ ಅಂತ. ಮದುವೆಯಾಗಿ ಇಪ್ಪತ್ತು ದಿನಕ್ಕೆ ಇವನು ವಿಮಾನ ಹತ್ತಿದಾನೆ. ಕಾಗದಪತ್ರ ಆಗ್ತಿದೆ, ಇವತ್ತು ಕರೆಸ್ಕೋತೀನಿ, ನಾಳೆ ಕರೆಸ್ಕೋತೀನಿ ಅಂತ ಎರಡು ವರ್ಷದಿಂದ ಫೋನಲ್ಲೇ ಸಂಸಾರ. ನಾನು ಹೋದ ದಿನ ಬೆಳಿಗ್ಗೆ ಕೂಡ ಮಾತಾಡಿದ್ನಂತೆ." ಮನ್‌ರೂಪ್ ಪರದೆಯಿಂದ ಮುಖ ತಿರುಗಿಸಿದಳು. "ಸ್ಟುಡಿಯೋದಿಂದ ಬಂದಿದೀನಿ ಅಂದೆ, ಬೇರೇನು ಹೇಳ್ಲಿ? ಓಡಿ ಬಂದು ಕೈ ಹಿಡ್ಕೊಂಡು, ದೀದಿ, ಆಲ್ಬಮ್ ತಂದ್ರಾ ಅಂತ ಕೇಳಿದ್ಲು ಕಣೋ."

ನವತೇಜನಿಗೆ ಬೆಳಗಿನಿಂದ ಮೈಯೊಳಗೆ ಉರಿಯುತ್ತಿದ್ದದ್ದೆಲ್ಲ ಒಮ್ಮೆಗೇ ಆರಿಹೋಯಿತು. ಅಕ್ಕನನ್ನು ಆ ಮನುಷ್ಯನಿಗೆ ಕೊಡಿಸಲು ಹೊರಟಿದ್ದವನು ತಾನು. ಅವಳನ್ನು ಉಳಿಸಲು ಹೋದವನಿಗೆ ಹೊಡೆದವನೂ ತಾನೇ.

ಗಲಾಟೆ ಕೇಳಿ ಪಾಪಾಜಿ ಇಳಿದು ಬಂದರು, ಹಿಂದೆಯೇ ಬೀಜಿ. ಮನ್‌ರೂಪ್ ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಬೀಜಿ "ವಾಹೆಗುರು, ವಾಹೆಗುರು" ಎನ್ನುತ್ತ ಗೋಡೆಗೆ ಒರಗಿದಳು. ಪಾಪಾಜಿ ಕನ್ನಡಕ ಏರಿಸಿ ಪರದೆಯ ಹತ್ತಿರ ಬಾಗಿದರು, ತಲೆ ಅಲ್ಲಾಡಿಸಿದರು.

"ಪೇಟ, ಗಡ್ಡ ಇದ್ರೆ ಎಲ್ಲರೂ ಒಂದೇ ಥರ ಕಾಣ್ತಾರೆ ಮಗಳೇ. ಹುಬ್ಬಿನ ಗಾಯ ಇವನ ಅಣ್ಣನಿಗೂ ಇರಬಹುದು, ದಾಯಾದಿಗೂ ಇರಬಹುದು. ಯಾರದೋ ಮನೆ ಹುಡುಗನ ಮೇಲೆ ಇಷ್ಟು ದೊಡ್ಡ ಮಾತು ಆಡೋಕೆ ಇಷ್ಟು ಸಾಕಾಗಲ್ಲ. ನವತೇಜ್, ಅವನ ಜೊತೆ ಕೂತು ಮಾತಾಡಿದವನು ನೀನು. ನೀನೇ ಹೇಳು."

ಮೂವರೂ ಅವನ ಕಡೆ ನೋಡಿದರು. ಅವನು ಬಾಯಿ ತೆರೆಯುವ ಮೊದಲೇ ಮನ್‌ರೂಪ್, "ಫೋಟೋ ಬೇಡ ಪಾಪಾಜಿ, ವಿಡಿಯೋ ಇದೆ. ಮಾತು ಕೇಳಿ" ಎಂದು ಒತ್ತಿದಳು.

ಡೋಲಿನ ಸದ್ದಿನಿಂದ ಕೋಣೆ ತುಂಬಿತು. ಕುದುರೆಯಿಂದ ಇಳಿದ ಮದುಮಗ ಮುಖದ ಮೇಲೆ ಇಳಿಬಿದ್ದ ಹೂಸರಗಳನ್ನು ಸರಿಸಿದ. ಆಗ ಕ್ಯಾಮೆರಾದ ಹಿಂದಿನಿಂದ, ತೀರಾ ಹತ್ತಿರದಿಂದ, ಒಂದು ಕುಶಾಲಿನ ದನಿ ಕೂಗಿತು. ಹೆಣ್ಣಿನ ಕಡೆಯಿಂದ ಹೋದ ಫೋಟೋದವರು ಮದುಮಗನನ್ನು ನಗಿಸಲು ಎಲ್ಲ ಮದುವೆಗಳಲ್ಲೂ ಕೂಗುವ ಹಾಗೆಯೇ ಕೂಗಿತು.

"ಭಾವಾ, ಈ ಕಡೆ ಭಾವಾ! ಸ್ವಲ್ಪ ನಗಿ! ನಮ್ಮ ಅಕ್ಕನ್ನ ಕರ್ಕೊಂಡು ಹೋಗೋ ದಿನಾನೂ ನಗದೇ ಇದ್ರೆ ಹೇಗೆ?"

ಮದುಮಗ ತಿರುಗಿದ. ಹಲ್ಲು ಬಿಟ್ಟು ನಕ್ಕ. "ಚೆನ್ನಾಗಿ ತೆಗಿಯೋ ಭಾಮೈದ, ಬ್ರಾಂಪ್ಟನ್‌ನಲ್ಲಿ ಎಲ್ಲರೂ ನೋಡ್ಬೇಕು!" ಎಂದ. ಆ ನಗು, ಫೋನಿನಲ್ಲಿ ಕೇಳಿದ್ದ ಆ ದನಿ, ಆ ಊರು. ಪಾಪಾಜಿ ಎರಡನೇ ಸಲ ಕೇಳಲಿಲ್ಲ. ಜೇಬಿನ ಫೋನ್ ತೆಗೆದು ಮಾಸಿಯ ನಂಬರು ಹುಡುಕತೊಡಗಿದರು.

ಬೀಜಿ ಮಾತ್ರ ಪರದೆಯನ್ನು ನೋಡುತ್ತಿರಲಿಲ್ಲ. ಮಗನನ್ನೇ ನೋಡುತ್ತಿದ್ದಳು.

"ನವತೇಜ್, ಅವನನ್ನ ಭಾವ ಅಂತ ಕರೀತಿರೋದು ನಿನ್ನ ದನಿಯಲ್ವೇನೋ?"