ಬೆಳ್ಳಗಾಗದ ಪಟ್ಟಿ

ಹೆಡ್‌ಮಿಸ್ ಬಂದು ಕೊನೆಯ ಬೆಂಚಿನಲ್ಲಿ ಕೂತರು. ಇವತ್ತಿನ ಪಾಠ ಅವರಿಗೆ ಹಿಡಿಸಿದರೆ ನನ್ನ ಕೆಲಸ ಕಾಯಂ. ಇಲ್ಲದಿದ್ದರೆ ಇನ್ನೊಂದು ವರ್ಷ ಇದೇ ಹಣೆಬರಹ.

ಪಾಠವೇನೋ ಸುಲಭದ್ದೇ. ಎಲೆ ಬಿಸಿಲು ಹಿಡಿದು, ಗಾಳಿ ನೀರು ಸೇರಿಸಿ, ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ಮಿಕ್ಕಿದ್ದನ್ನು ಪಿಷ್ಟವಾಗಿ ಕೂಡಿಡುತ್ತದೆ. ಆ ಕೂಡಿಟ್ಟದ್ದೆಲ್ಲ ಖಾಲಿಯಾಗಲಿ ಎಂದೇ ಕುಂಡದ ಗಿಡವನ್ನು ಎರಡು ದಿನ ಮನೆಯ ಬೀರುವಿನ ಕತ್ತಲಲ್ಲಿ ಇಟ್ಟಿದ್ದೆ. ಬೆಳಿಗ್ಗೆ ಶಾಲೆಗೆ ತಂದು, ಒಂದು ಎಲೆಯ ನಡುವಿಗೆ ಕಪ್ಪು ಕಾಗದದ ಪಟ್ಟಿ ಸುತ್ತಿ ಬಿಸಿಲಿಗಿಟ್ಟೆ. ಈಗ ಆ ಎಲೆ ಕಿತ್ತು, ಪಟ್ಟಿ ಬಿಚ್ಚಿ, ಬಿಸಿ ಸ್ಪಿರಿಟ್‌ನಲ್ಲಿ ಹಸಿರು ತೆಗೆದು, ಪಿಷ್ಟವನ್ನು ನೀಲಿ ಮಾಡುವ ಅಯೋಡಿನ್ ಹನಿಸಿದರೆ, ಬಿಸಿಲು ಕಂಡ ಭಾಗ ಕಡುನೀಲಿ ಆಗಬೇಕು, ಪಟ್ಟಿಯಡಿಯ ಭಾಗ ಬೆಳ್ಳಗೇ ಉಳಿಯಬೇಕು.

ಹನಿಸಿದೆ. ಎಲೆ ಪೂರ್ತಿ ನೀಲಿ! ಪಟ್ಟಿಯ ಗುರುತೂ ಇಲ್ಲ. ತೊಳೆದು ಮತ್ತೆ ಹನಿಸಿದೆ, ಆಗಲೂ ನೀಲಿ. ಹಾಳಾದ ಎಲೆ, ನನ್ನ ಮಾನ ತೆಗೆಯಲೆಂದೇ ಚಿಗುರಿತ್ತು.

ತಟ್ಟೆಯನ್ನು ಬೆಂಚಿನಿಂದ ಬೆಂಚಿಗೆ ಕಳಿಸಿದೆ. "ಏನ್ ಕಾಣ್ತಿದೆ, ಹೇಳ್ರಪ್ಪ?"

"ಪಟ್ಟಿ ಇದ್ದ ಜಾಗ ಬೆಳ್ಳಗಿದೆ ಮಿಸ್!" ಇಡೀ ತರಗತಿ ಒಂದೇ ರಾಗ ಎಳೆಯಿತು.

"ಎಲ್ಲಿದೆ ಬಿಳಿ? ಕಣ್ಬಿಟ್ಟು ನೋಡ್ರೋ!"

"ಪುಸ್ತಕದಲ್ಲಿದೆ ಮಿಸ್."

ಹೆಡ್‌ಮಿಸ್ ಕೂಡ ತಟ್ಟೆಗೆ ಬಗ್ಗಿ ನೋಡಿ ತಲೆಯಾಡಿಸಿದರು. "ಚೆನ್ನಾಗಿ ಬಂದಿದೆ. ಮಕ್ಕಳೂ ಸರಿಯಾಗಿ ಹೇಳಿದ್ರು."

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಮುಗಿಯುತ್ತಿತ್ತು. ನನ್ನ ನಾಲಿಗೆ ಕೇಳಬೇಕಲ್ಲ! ಅಷ್ಟು ದೊಡ್ಡ ನೀಲಿ ಎಲೆ ಯಾರ ಕಣ್ಣಿಗೂ ಬೀಳದಿದ್ದುದಕ್ಕೆ ಮೈಯೆಲ್ಲ ಉರಿದುಹೋಗಿತ್ತು. "ಬಂದಿಲ್ಲ ಮೇಡಂ. ಪ್ರಯೋಗ ಕೆಟ್ಟಿದೆ. ಸರಿಯಾಗಿ ನೋಡಿ, ಪೂರ್ತಿ ನೀಲಿ."

ಮಕ್ಕಳೆದುರು ಹಾಗೆ ಹೇಳಿಸಿಕೊಂಡ ಹೆಡ್‌ಮಿಸ್ ಮುಖ ಗಂಟಿಕ್ಕಿಕೊಂಡರು. "ಕೆಟ್ಟಿದೆಯಾ? ಹಾಗಾದ್ರೆ ಕಾಯಂ ಮಾತು ಮುಂದಿನ ವರ್ಷ ನೋಡೋಣ."

ಮನೆಗೆ ಬಂದವಳೇ ಕುಂಡವನ್ನು ಮೇಜಿನ ಮೇಲೆ ಕುಕ್ಕಿದೆ. ಸದ್ದಿಗೆ ಅತ್ತೆ ಹೊರಗೆ ಬಂದರು.

"ಅತ್ತೆ, ನಿಜ ಹೇಳಿ. ಈ ಗಿಡಾನ ಬೀರುವಿಂದ ತೆಗೆದ್ರಾ?"

"ನೀನು ಶಾಲೆಗೆ ಹೋದ್ಮೇಲೆ ಬಿಸಿಲಿಗಿಟ್ಟು, ಬರೋದ್ರೊಳಗೆ ಒಳಗಿಡ್ತಿದ್ದೆ ಕಣೆ. ಪಾಪ, ಹೊಟ್ಟೆಗಿಲ್ದೆ ಹೇಗಿರುತ್ತೆ? ಬಿಸಿಲಿದ್ರೇನೇ ಅದಕ್ಕೆ ಅಡುಗೆ ಅಂತ ನೀನೇ ಹೇಳಿದ್ದಲ್ವಾ?"

ವರ್ಷವಿಡೀ ಗಂಟಲು ಹರಿದುಕೊಂಡು ಹೇಳಿದ ಪಾಠ ಒಬ್ಬರ ತಲೆಗಾದರೂ ಹೊಕ್ಕಿತ್ತು. ಆ ಒಬ್ಬರು ಇವರೇ ಆಗಬೇಕಿತ್ತೇ?

"ಅದಿರ್ಲಿ, ಕೆಲಸ ಕಾಯಂ ಆಯ್ತಾ?" ಎನ್ನುತ್ತಲೇ ಅತ್ತೆ ಕುಂಡವನ್ನೆತ್ತಿಕೊಂಡು ಬಾಲ್ಕನಿಯ ಕಡೆ ಹೊರಟರು.

ನಾನೂ ಹಿಂದೆಯೇ ಹೋದೆ.

"ಇಲ್ಲ ಅತ್ತೆ," ಎಂದೆ. "ನಿಮ್ಮ ಗಿಡ ಅಡುಗೆ ಮಾಡಿ ಮುಗಿಸಿಬಿಟ್ಟಿತ್ತು."